ಚಿನ್ನಸ್ವಾಮಿ ಬಿಚ್ಚಿದ ಗೇರು

ತಮಿಳುನಾಡಿನ ಗಡಿಯೂರು ಕೆಲಮಂಗಲದ ಸೈಕಲ್ ಶಾಪ್ ಚಿನ್ನಸ್ವಾಮಿ ಫೆಬ್ರವರಿ ಹನ್ನೊಂದನೆಯ ತಾರೀಕು, ಭಾನುವಾರ, ಮಧ್ಯಾಹ್ನ ತೀರಿಕೊಂಡ. ಅರವತ್ತಮೂರು ವರ್ಷ. ಮನೆಗೆ ಬಂದು ಕೈಕಾಲು ತೊಳೆದು, ಎದೆ ಒಂಥರಾ ಹಿಡಿದ ಹಾಗಿದೆ ಎಂದು ಹೆಂಡತಿ ಮಂಗಮ್ಮನಿಗೆ ಹೇಳಿ ಜಗಲಿಯ ಮೇಲೆ ಒರಗಿದವನು ಮತ್ತೆ ಏಳಲಿಲ್ಲ. ಅವಳು ಒಲೆಯ ಮೇಲಿದ್ದ ಪಾತ್ರೆ ಇಳಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವನ ಅಂಗಡಿ ಇದ್ದದ್ದು ಡೆಂಕಣಿಕೋಟೆ ರಸ್ತೆಯಲ್ಲಿ, ಎರಡು ಹುಣಸೆಮರಗಳ ನಡುವೆ. ನಲವತ್ತು ವರ್ಷ ಅಲ್ಲೇ ಪಂಕ್ಚರ್ ಹಾಕಿದ. ಊರಲ್ಲಿ ಸೈಕಲ್ಲು ಕಡಿಮೆಯಾದ ಮೇಲೆ ಔಷಧಿ ಹೊಡೆಯುವ ಪಂಪು, ಹೊಲಿಗೆ ಯಂತ್ರ, ಗ್ರೈಂಡರು, ಯಾವುದು ಬಂದರೂ ಬಿಚ್ಚಿದ. ಬಿಚ್ಚಿದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ ಎಂದು ಒಂದು ದಿನವೂ ಒಪ್ಪಿಕೊಂಡವನಲ್ಲ. ಗಿರಾಕಿ ತಮಿಳಿನಲ್ಲಿ ಬೈದರೆ ತಮಿಳಿನಲ್ಲಿ, ತೆಲುಗಿನಲ್ಲಿ ಬೈದರೆ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದ. ಕನ್ನಡದ ಬೈಗುಳವನ್ನು ಮಾತ್ರ ಅವನು ಗೋಪಿನಾಥ್ ಮೇಷ್ಟರಿಗೆ ಮೀಸಲಿಟ್ಟಿದ್ದ. ಗೋಪಿನಾಥ್ ಅವನ ಜೊತೆ ಎಂಟನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವನು. ಪಕ್ಕದ ಜೊನ್ನೇನಹಳ್ಳಿಯ ಕನ್ನಡ ಶಾಲೆಯಲ್ಲಿ ಮೇಷ್ಟರಾಗಿ ನಿವೃತ್ತನಾದ ಮೇಲೆ ದಿನಾ ಬೆಳಿಗ್ಗೆ ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಪೇಪರ್ ಓದುವುದು ಅವನ ಕೆಲಸ.

ಚಿನ್ನಸ್ವಾಮಿ ಕೊನೆಯದಾಗಿ ಕೈ ಹಚ್ಚಿದ್ದು ಜೊನ್ನೇನಹಳ್ಳಿಯ ಪಾರ್ವತಮ್ಮನ ಸೈಕಲ್ಲಿಗೆ. ಅದು ಬಂದ ಬಗೆಯನ್ನು ಮೊದಲು ಹೇಳಬೇಕು.

ತೊಂಬತ್ತೆರಡನೇ ಇಸವಿ. ಹೊಸೂರಿನ ಕಾರ್ಖಾನೆಯೊಂದಕ್ಕೆ ಯಂತ್ರ ಕೂರಿಸಲು ಬಂದಿದ್ದ ಜಪಾನಿನ ಎಂಜಿನಿಯರೊಬ್ಬನ ಮನೆಗೆ ಪಾರ್ವತಮ್ಮನ ಗಂಡ ರಾಮಕೃಷ್ಣಪ್ಪ ತರಕಾರಿ ಹಾಕುತ್ತಿದ್ದ. ಎರಡು ವರ್ಷ ಇದ್ದು ವಾಪಸು ಹೋಗುವಾಗ ಆ ದಂಪತಿ ತಮ್ಮ ಸಾಮಾನುಗಳನ್ನು ಅವರಿವರಿಗೆ ಹಂಚಿದರು. ರಾಮಕೃಷ್ಣಪ್ಪನ ಪಾಲಿಗೆ ಬಂದದ್ದು ಆ ಎಂಜಿನಿಯರನ ಹೆಂಡತಿಯ ಸೈಕಲ್ಲು. ದಪ್ಪ ಟೈರು, ನೇರವಾದ ಹ್ಯಾಂಡಲ್ಲು, ಬದನೆಕಾಯಿ ಬಣ್ಣ, ಹೆಂಗಸರು ಕಾಲು ಎತ್ತಿ ಹಾಕಲು ಸಲೀಸಾಗುವಂತೆ ತಗ್ಗಿದ ಅಡ್ಡಪಟ್ಟಿ. ಬೆಟ್ಟಗುಡ್ಡ ಹತ್ತಲೆಂದೇ ಮಾಡಿದ್ದು. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಆರು. ಅಷ್ಟೊಂದು ಹಲ್ಲನ್ನು ಕೆಲಮಂಗಲ ಅಲ್ಲಿಯವರೆಗೆ ಕಂಡಿರಲಿಲ್ಲ.

ಸಾಕ್ಷರತಾ ಆಂದೋಲನದಲ್ಲಿ ಅಕ್ಷರ ಕಲಿಸಲು ಬಂದವರು ಹೆಂಗಸರಿಗೆ ಸೈಕಲ್ಲನ್ನೂ ಕಲಿಸುತ್ತಿದ್ದ ಕಾಲ ಅದು. ಮೂವತ್ತನಾಲ್ಕು ವರ್ಷದ ಪಾರ್ವತಮ್ಮ ಅಕ್ಷರಕ್ಕಿಂತ ಮೊದಲು ಸೈಕಲ್ಲನ್ನೇ ಕಲಿತಿದ್ದಳು. ಸೀರೆಯನ್ನು ಕಚ್ಚೆ ಕಟ್ಟಿ ಹೊರಟರೆ ಅವಳ ಮುಂದೆ ಗಂಡಸರು ದಾರಿ ಬಿಡುತ್ತಿದ್ದರು. ಡೈರಿಗೆ ಹಾಲು ಹಾಕುವ ಕೆಲಸ ಅವಳದು. ಆದ್ದರಿಂದ ಗಂಡಹೆಂಡತಿ ಇಬ್ಬರೂ ಸೈಕಲ್ಲನ್ನು ತಂದು ಚಿನ್ನಸ್ವಾಮಿಯ ಮುಂದೆ ನಿಲ್ಲಿಸಿದರು. ಕ್ಯಾರಿಯರು ಬೇಕು, ಅದರ ಎರಡೂ ಕಡೆ ಹಾಲಿನ ಕ್ಯಾನ್ ನೇತುಹಾಕಲು ಕೊಕ್ಕೆ ಬೇಕು, ಸ್ಟ್ಯಾಂಡ್ ಬೇಕು.

ಚಿನ್ನಸ್ವಾಮಿ ಸೈಕಲ್ಲಿನ ಸುತ್ತ ಎರಡು ಸುತ್ತು ಬಂದ. ಗೇರಿನ ಕಡ್ಡಿಯನ್ನು ಅತ್ತಿತ್ತ ತಳ್ಳಿ ನೋಡಿದ. ಚೈನು ಕಳಚಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಎಳೆದು ಕೂರಿಸಿದ. ಮತ್ತೆ ಕಳಚಿತು. ಸುತ್ತ ಏಳೆಂಟು ಜನ ನೋಡುತ್ತ ನಿಂತಿದ್ದರು.

"ಅಣ್ಣಾ, ಇದು ಆಟದ ಸೈಕಲ್ಲು," ಎಂದ ರಾಮಕೃಷ್ಣಪ್ಪನಿಗೆ. "ಈ ಗೇರು ಗೀರೆಲ್ಲ ಕಾಲಲ್ಲಿ ಕಸುವಿಲ್ದೋರ್ಗೆ. ನಮ್ಮಕ್ಕಂಗ್ಯಾಕೆ?"

ಪಾರ್ವತಮ್ಮನಿಗೆ ಖುಷಿಯಾಯಿತು. "ಬಿಚ್ಚಾಕ್ಬುಡು," ಎಂದಳು.

ಸಂಜೆಯೊಳಗೆ ಗೇರೆಲ್ಲ ಬಿಚ್ಚಿದ. ಫ್ರೇಮಿನ ಮೇಲೆ ಗೇರಿನ ಕೇಬಲ್ ಹಿಡಿಯುವ ಪುಟ್ಟ ಕಿವಿಗಳನ್ನು ಗರಗಸದಿಂದ ಕೊಯ್ದ. ಹಿಂದೆ ಮುಂದೆ ಒಂದೊಂದೇ ಹಲ್ಲುಚಕ್ರ ಹಾಕಿ, ಎತ್ತಿನ ಗಾಡಿಗೆ ಸಾಲುವಷ್ಟು ಗಟ್ಟಿಯಾದ ಕ್ಯಾರಿಯರನ್ನು ಸೀದಾ ಫ್ರೇಮಿಗೇ ವೆಲ್ಡ್ ಮಾಡಿದ. ಅಷ್ಟು ಚೆಂದದ ಕೆಲಸ ತಾನು ಹಿಂದೆಂದೂ ಮಾಡಿರಲಿಲ್ಲ ಎಂದು ಅವನಿಗೆ ಅನಿಸಿತು. ಊರಿಗೂ ಹಾಗೇ ಅನಿಸಿತು. ಇಪ್ಪತ್ತಾರು ವರ್ಷ ಆ ಸೈಕಲ್ಲು ದಿನಕ್ಕೆರಡು ಸಲ ಡೈರಿಗೆ ಹೋಗಿಬಂತು. ಪಾರ್ವತಮ್ಮನ ಮಂಡಿ ಹಿಡಿದುಕೊಂಡ ಮೇಲೆ ಮಗ ಕುಮಾರೇಶ್ ಮೊಪೆಡ್ಡಿನಲ್ಲಿ ಹಾಲು ಹಾಕತೊಡಗಿದ. ಸೈಕಲ್ಲು ದನದ ಕೊಟ್ಟಿಗೆ ಸೇರಿತು.

ಕೋವಿಡ್ ಕಳೆದ ಮೇಲಿನ ಮಾತು. ಭಾನುವಾರಗಳಲ್ಲಿ ಹೊಸೂರು, ಬೆಂಗಳೂರಿನ ಕಡೆಯಿಂದ ಹೆಲ್ಮೆಟ್ ಹಾಕಿದ ಸೈಕಲ್ ಸವಾರರು ಈ ರಸ್ತೆಗಳಲ್ಲಿ ಕಾಣಿಸತೊಡಗಿದರು. ಒಂದು ಬೆಳಿಗ್ಗೆ ಜೊನ್ನೇನಹಳ್ಳಿ ಕೆರೆ ಏರಿಯ ಮೇಲೆ ಒಬ್ಬಾಕೆಯ ಟೈರು ಹರಿಯಿತು. ಹೊಸೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಉಷಾರಾಣಿ. ವಯಸ್ಸು ಐವತ್ತೈದರ ಮೇಲೆ, ಮೈಯೂ ದಪ್ಪ, ಸೈಕಲ್ಲಿನ ಎರಡೂ ಕಡೆ ತುಂಬಿದ ಚೀಲ. ಚಿನ್ನಸ್ವಾಮಿ ಹೋಗಿ ಟೈರು ಸರಿಮಾಡಿ ಕೊಟ್ಟ.

ಕೆರೆ ಏರಿ ಮುಗಿದ ಕೂಡಲೇ ದಿನ್ನೆ. ಡೈರಿ ಇರುವುದು ದಿನ್ನೆಯ ತಲೆಯ ಮೇಲೆ. ಅರ್ಧ ಕಿಲೋಮೀಟರ್ ಏರು, ಮೊಪೆಡ್ಡೂ ಅಲ್ಲಿ ಕೆಮ್ಮುತ್ತದೆ. "ಅಮ್ಮಾ, ಮೇಲ್ಗಂಟ ತಳ್ಕೊಂಡು ಹೋಗಿ," ಎಂದ ಚಿನ್ನಸ್ವಾಮಿ.

ಆಕೆ ನಕ್ಕು ಸೈಕಲ್ಲು ಹತ್ತಿದಳು. ಹೆಬ್ಬೆರಳಿನಲ್ಲಿ ಏನನ್ನೋ ಒತ್ತಿದಳು. ಕಟಕ್ ಎಂದಿತು. ಕಾಲುಗಳು ಹಗುರವಾಗಿ ಗಿರಗಿರ ತಿರುಗತೊಡಗಿದವು. ಸೈಕಲ್ಲು ಮಾತ್ರ ಇರುವೆಯ ಹಾಗೆ ನಿಧಾನಕ್ಕೆ ಏರುತ್ತಿತ್ತು. ಒಮ್ಮೆಯೂ ಸೀಟಿನಿಂದ ಏಳಲಿಲ್ಲ, ಇಳಿಯಲಿಲ್ಲ. ಅರ್ಧದಲ್ಲಿ ಒಂದು ಕೈ ಬಿಟ್ಟು ನೀರನ್ನೂ ಕುಡಿದಳು.

ಚಿನ್ನಸ್ವಾಮಿ ಅಂಗಡಿಗೆ ಬಂದವನೇ ಕೈಯಲ್ಲಿದ್ದ ಪಂಪನ್ನೂ ಇಳಿಸದೆ ಕೂತುಬಿಟ್ಟ.

"ಏನ್ಲಾ, ಹಗಲೊತ್ನಾಗೆ ದೆವ್ವ ಗಿವ್ವ ಕಂಡ್ಯಾ?" ಎಂದ ಗೋಪಿನಾಥ್.

"ಆ ಯಮ್ಮ ಕೂತ್ಕಂಡೇ ಹತ್ತಿದ್ಲು ಕಣ್ಲಾ."

"ಹತ್ಲಿ ಬುಡು. ನಿನ್ ಗಂಟೇನ್ ಹೋಯ್ತು?"

"ಪಾರ್ವತಕ್ಕ ಇಪ್ಪತ್ತಾರು ವರ್ಸ ಅಲ್ಲಿ ತಳ್ಕಂಡು ಹೋದ್ಲು. ಎರಡು ಕ್ಯಾನು ಹಾಲು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಗೇರು ಬ್ಯಾಡ ಅಂತ ನಾನಂದಿದ್ದು ಸುಳ್ಳು ಕಣ್ಲಾ. ನಂಗೆ ಅದನ್ನ ಸರಿ ಮಾಡೋಕೆ ಬತ್ತಿರಲಿಲ್ಲ. ಜನ ನೋಡ್ತಾ ಅವ್ರೆ, ಬರಲ್ಲ ಅಂತ ಹೆಂಗೆ ಹೇಳ್ಲಿ?"

ಗೋಪಿನಾಥ್ ಪೇಪರ್ ಮಡಚಿದ. ಐವತ್ತು ವರ್ಷದ ಸ್ನೇಹದಲ್ಲಿ ಚಿನ್ನಸ್ವಾಮಿಯ ಬಾಯಿಂದ 'ಬರಲ್ಲ' ಎನ್ನುವ ಮಾತು ಕೇಳಿದ್ದು ಅದೇ ಮೊದಲು.

ಅಂದೇ ಚಿನ್ನಸ್ವಾಮಿ ತೀರ್ಮಾನ ಮಾಡಿದ. ಆ ಸೈಕಲ್ಲನ್ನು ಮೊದಲಿದ್ದ ಹಾಗೆ ಮಾಡಬೇಕು. ಪಾರ್ವತಕ್ಕ ಒಂದು ಸಲವಾದರೂ, ಕೂತುಕೊಂಡೇ, ಆ ದಿನ್ನೆ ಹತ್ತಬೇಕು. ಆಮೇಲೆ ಅವಳಿಗೆ ನಿಜ ಹೇಳಬೇಕು. ಮೊದಲನೆಯದು ಕಷ್ಟ, ಕೊನೆಯದು ಅದಕ್ಕಿಂತ ಕಷ್ಟ ಎಂದು ಅವನಿಗೆ ಗೊತ್ತಿತ್ತು.

ಸೈಕಲ್ಲು ಕೇಳಲು ಹೋದರೆ ಪಾರ್ವತಮ್ಮ ಅಷ್ಟು ಸುಲಭಕ್ಕೆ ಕೊಡಲಿಲ್ಲ. "ಅದನ್ನ ತಕ್ಕೊಂಡೋದ್ರೆ ನನ್ ಕೋಳಿ ಎಲ್ಲಿ ಮಲಗ್ಬೇಕು?" ಕೊಟ್ಟಿಗೆಯಲ್ಲಿ ನಿಜವಾಗಿಯೂ ಹ್ಯಾಂಡಲ್ಲಿನ ಮೇಲೆ ಮೂರು, ಕ್ಯಾರಿಯರಿನ ಮೇಲೆ ನಾಲ್ಕು ಕೋಳಿಗಳು ಸಾಲಾಗಿ ಕೂತಿದ್ದವು. ಚಿನ್ನಸ್ವಾಮಿ ಸರ್ವೆಮರದ ಗಳ ತಂದು ಕೋಳಿಗಳಿಗೆ ಅಟ್ಟಣೆ ಕಟ್ಟಿಕೊಟ್ಟ. ಕೋಳಿಗಳು ಅದನ್ನು ಒಪ್ಪಲು ಒಂದು ವಾರ ತೆಗೆದುಕೊಂಡವು. ಆಮೇಲೇ ಸೈಕಲ್ಲು ಅವನ ಕೈಗೆ ಬಂತು.

ಬಂದ ಮೇಲೆ ನೋಡಿದರೆ ಫ್ರೇಮಿನ ಕೊಳವೆಗಳು ಇರಬೇಕಾದ್ದಕ್ಕಿಂತ ದಪ್ಪ. ಪ್ರತಿ ವರ್ಷ ಆಯುಧಪೂಜೆಗೆ ರಾಮಕೃಷ್ಣಪ್ಪ ನೇಗಿಲು, ಕುಡುಗೋಲು, ಪಂಪ್‌ಸೆಟ್ಟು ಎಲ್ಲಕ್ಕೂ ಬಣ್ಣ ಬಳಿಯುವಾಗ ಸೈಕಲ್ಲಿಗೂ ಬಳಿದಿದ್ದ. ಮನೆಯಲ್ಲಿ ಯಾವ ಬಣ್ಣ ಉಳಿದಿದೆಯೋ ಅದು. ಚಿನ್ನಸ್ವಾಮಿ ಹೆರೆಯುತ್ತ ಹೋದ. ಗೇಟಿನ ಹಸಿರು ಬಂತು, ಕಿಟಕಿಯ ನೀಲಿ ಬಂತು, ಟ್ರ್ಯಾಕ್ಟರಿನ ಕೆಂಪು ಬಂತು. ಪ್ರತಿ ಪದರಕ್ಕೂ ಗೋಪಿನಾಥ್ ವರದಿ ಒಪ್ಪಿಸುತ್ತಿದ್ದ. "ಇದು ದೊಡ್ ಮಗ ಮಾದೇಶನ ಮದ್ವೆ ವರ್ಸದ್ದು. ಚಪ್ಪರದ ಕಂಬಕ್ಕೂ ಇದೇ ಬಳ್ದಿದ್ರು." ಮಧ್ಯೆ ಮಧ್ಯೆ ಒಣಗಿದ ಅರಿಶಿನ, ಕುಂಕುಮ. ಕಟ್ಟಕಡೆಗೆ, ಉಗುರಿನಷ್ಟು ಜಾಗದಲ್ಲಿ, ಬದನೆಕಾಯಿ ಬಣ್ಣ ಇಣುಕಿತು. ಚಿನ್ನಸ್ವಾಮಿ ಅಂದು ಇಬ್ಬರಿಗೂ ಬೋಂಡ ತರಿಸಿದ.

ಅಷ್ಟು ಪೇಂಟು ಕುಡಿದ ಸೈಕಲ್ಲಿನಲ್ಲಿ ಸೀಟಿನ ಅಲ್ಯುಮಿನಿಯಂ ಕಂಬಿ ಕೊಳವೆಯೊಳಗೆ ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟ, ಬಡಿದ, ಕಾಯಿಸಿದ, ಗೋಪಿನಾಥನನ್ನು ಒಂದು ಕಡೆ ಜೋತುಬೀಳಿಸಿ ತಿರುಚಿದ. ಅಲ್ಲಾಡಲಿಲ್ಲ. ಊಟ ತಂದ ಮಂಗಮ್ಮ ನೋಡಿ ಹೇಳಿದಳು, "ಅಲ್ಯುಮಿನಿ ಪಾತ್ರೆನ ಗಂಜಲ ತಿಂದಾಕ್ತದಲ್ಲ, ಅದ್ನ ಬುಟ್ಟು ನೋಡು. ಹಳೇದಿರ್ಬೇಕು, ಮೂಗು ಸುಡ್ಬೇಕು."

"ನಲವತ್ತು ವರ್ಸ ಮೆಕ್ಯಾನಿಕ್ಕು ನಾನು," ಎಂದ ಚಿನ್ನಸ್ವಾಮಿ.

"ಅದ್ಕೇ ಸೀಟು ಬತ್ತಾ ಇಲ್ಲ."

ಫ್ರೇಮನ್ನು ತಲೆಕೆಳಗು ಮಾಡಿ ಹಳೆಯ ಗಂಜಲ ತುಂಬಿಸಿ ನಾಲ್ಕು ದಿನ ಇಟ್ಟರು. ಆ ನಾಲ್ಕು ದಿನ ಅಂಗಡಿಗೆ ಒಬ್ಬ ಗಿರಾಕಿಯೂ ಬರಲಿಲ್ಲ. ಗೋಪಿನಾಥ್ ಕೂಡ ರಸ್ತೆಯ ಆಚೆ ಬದಿಯಲ್ಲಿ ಕೂತು ಪೇಪರ್ ಓದಿದ. ಐದನೇ ದಿನ ಕಂಬಿ ಕಿರ್ರ್ ಎನ್ನುತ್ತ ತಿರುಗಿತು. ಮಂಗಮ್ಮ ಆಮೇಲೆ ಒಂದು ತಿಂಗಳು ತನ್ನನ್ನು ತಾನೇ 'ಎಂಜಿನಿಯರಮ್ಮ' ಎಂದು ಕರೆದುಕೊಂಡಳು.

ಎಲ್ಲಕ್ಕಿಂತ ಅವನನ್ನು ಕಾಡಿಸಿದ್ದು ಅವನದೇ ವೆಲ್ಡಿಂಗು. ಆರು ಗರಗಸದ ಬ್ಲೇಡು ಮುರಿದವು. "ಯಾವ ಮೂದೇವಿ ಹಾಕಿದ್ನೋ ಇದನ್ನ!" ಎಂದು ತನ್ನನ್ನೇ ಬೈದುಕೊಂಡ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಕೊಯ್ದಿದ್ದ ಕೇಬಲ್ಲಿನ ಕಿವಿಗಳನ್ನು ಹೊಸದಾಗಿ ಅರೆದು ಮಾಡಿ ಹಿತ್ತಾಳೆಯಲ್ಲಿ ಬೆಸೆದ.

ಇನ್ನು ಗೇರು. ಹಿಂದಿನ ಚಕ್ರದ ಭಾಗವನ್ನು ಬಿಚ್ಚಿದ ಕಾಲದಲ್ಲೇ ಗುಜರಿಗೆ ಹಾಕಿದ್ದ. ಮುಂದಿನ ಮೂರು ಹಲ್ಲುಚಕ್ರ ಪೆಡಲ್ಲಿನ ತೋಳಿನ ಸಮೇತ ಎಲ್ಲಿಗೆ ಹೋಯಿತೆಂದು ನೆನಪಾಗದೆ ಮೂರು ದಿನ ತಲೆ ಕೆರೆದುಕೊಂಡ. ನಾಲ್ಕನೆಯ ದಿನ ಗೋಪಿನಾಥನ ಮುಖವನ್ನೇ ನೋಡುತ್ತಿದ್ದವನು ಇದ್ದಕ್ಕಿದ್ದಂತೆ, "ಲೋ, ನಿಮ್ ಸ್ಕೂಲ್ ಬೆಲ್ಲು!" ಎಂದು ಕೂಗಿದ.

ಕನ್ನಡ ಶಾಲೆಗೆ ಗಂಟೆಯಿಲ್ಲ ಎಂದು ತೊಂಬತ್ತೆರಡರಲ್ಲಿ ಗೋಪಿನಾಥನೇ ಬಂದು ಕೇಳಿದ್ದ. ಚಿನ್ನಸ್ವಾಮಿ ಅದನ್ನೇ ಎತ್ತಿ ಕೊಟ್ಟಿದ್ದ. ಇಬ್ಬರೂ ಹೋಗಿ ನೋಡಿದರೆ ಅದು ಇನ್ನೂ ಜಗಲಿಯ ತೊಲೆಗೆ ನೇತಾಡುತ್ತಿತ್ತು.

"ಅಂದ್ರೆ ಇಷ್ಟು ವರ್ಸ ನಾನು ಬಾರಿಸ್ತಿದ್ದಿದ್ದು ಪಾರ್ವತಕ್ಕನ ಗೇರಾ?" ಎಂದ ಗೋಪಿನಾಥ್.

"ಅಕ್ಕ ಅಲ್ಲಿ ದಿನ್ನೆ ಮ್ಯಾಲೆ ತಳ್ತಾ ಇದ್ಲು, ನೀನು ಇಲ್ಲಿ ಬಾರಿಸ್ತಾ ಇದ್ದೆ. ಪಾಪ ನಮ್ಮಿಬ್ರಿಗೂ ಸಮ ಕಣ್ಲಾ."

ಶಾಲೆಗೆ ರೈಲುಕಂಬಿಯ ತುಂಡೊಂದನ್ನು ಕೊಟ್ಟು ಹಲ್ಲುಚಕ್ರ ಬಿಡಿಸಿಕೊಂಡು ಬಂದರು. ಬಾರಿಸಿದ ಕಡೆ ಸ್ವಲ್ಪ ತಗ್ಗಾಗಿತ್ತು. ಹಲ್ಲು ಒಂದೂ ಹೋಗಿರಲಿಲ್ಲ.

ಹಿಂದಿನ ಚಕ್ರದ ಭಾಗವನ್ನು, ಇನ್ನೊಂದು ಭಾನುವಾರ ಅದೇ ದಾರಿಯಲ್ಲಿ ಬಂದ ಉಷಾರಾಣಿ ಹುಡುಕಿ ಕೊಟ್ಟಳು. ಬೆಂಗಳೂರಿನ ಹಳೆ ಸೈಕಲ್ ಹುಚ್ಚರೊಬ್ಬರ ಬಳಿ ಅದೇ ಕಾಲದ್ದು ಇತ್ತಂತೆ. ಹೆಬ್ಬೆರಳಿನಲ್ಲಿ ತಳ್ಳುವ ಕಡ್ಡಿಗಳೂ ಸಿಕ್ಕವು. ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯನ್ನು ಗೋಪಿನಾಥ್ ಸಾಲು ಸಾಲಾಗಿ ಕನ್ನಡದಲ್ಲಿ ಹೇಳುವುದು, ಚಿನ್ನಸ್ವಾಮಿ ತಿರುಪು ತಿರುಗಿಸುವುದು. ಚೈನು ಕಳಚಿದಾಗಲೆಲ್ಲ ಜಗಳ. "ನೀನು ತಪ್ಪು ಓದ್ದೆ." "ನೀನು ಎಡಕ್ಕೆ ತಿರುಗಿಸ್ದೆ." ಮೂವತ್ತೊಂದನೇ ವಯಸ್ಸಿನಲ್ಲಿ ಒಂದು ಸಂಜೆಯಲ್ಲಿ ಬಿಚ್ಚಿ ಎಸೆದದ್ದನ್ನು ಅರವತ್ತೆರಡನೇ ವಯಸ್ಸಿನಲ್ಲಿ ನಾಲ್ಕು ತಿಂಗಳು ಕೂತು ಕಲಿತ. ಬೇರೆ ಕೆಲಸಕ್ಕೆ ಬಂದವರಿಗೆಲ್ಲ ಅದನ್ನು ತೋರಿಸಿ, "ನೋಡಿ, ಇದು ನಂಗೆ ಇನ್ನೂ ಬರಲ್ಲ," ಎನ್ನುವುದು ಅವನಿಗೆ ಒಂದು ಸಂತೋಷವೇ ಆಗಿಬಿಟ್ಟಿತು.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಸೈಕಲ್ಲು ಜೊನ್ನೇನಹಳ್ಳಿಗೆ ಹೋಯಿತು. ಬದನೆಕಾಯಿ ಬಣ್ಣ ಫಳಫಳ ಹೊಳೆಯುತ್ತಿತ್ತು. ಕುಮಾರೇಶನ ಮಗಳು ದಿವ್ಯ ಕಾರ್ಖಾನೆ ಕೆಲಸ ಮುಗಿಸಿ ಬಂದವಳು ಫೋಟೋ ತೆಗೆದಳು. ರಾಮಕೃಷ್ಣಪ್ಪ ಮುಟ್ಟಿ ಮುಟ್ಟಿ ನೋಡಿ, "ನಮ್ದಾ ಇದು?" ಎಂದ. ಪಾರ್ವತಮ್ಮ ಮಾತ್ರ ಹಿಂದಕ್ಕೆ ಹೋಗಿ ನೋಡಿ ಮುಖ ಸಣ್ಣದು ಮಾಡಿದಳು.

"ಕ್ಯಾರಿಯರ್ ಎಲ್ಲೋ?"

"ಮೊದ್ಲಿದ್ದಂಗೆ ಮಾಡಿವ್ನಿ ಅಕ್ಕಾ. ಮೊದ್ಲು ಇದ್ರಾಗೆ ಕ್ಯಾರಿಯರ್ ಇರಲಿಲ್ಲ."

"ಕ್ಯಾರಿಯರ್ ಇಲ್ದಿರೋ ಸೈಕಲ್ ತಕ್ಕೊಂಡು ನಾನೇನು ಸರ್ಕಸ್ ಮಾಡ್ಲಾ?"

"ಒಂದ್ಸಲ ದಿನ್ನೆ ಹತ್ತಕ್ಕಾ. ಅಷ್ಟೇ ಸಾಕು."

"ಕ್ಯಾನ್ ಇಲ್ದೆ ದಿನ್ನೆ ಹತ್ತಿದ್ರೆ ಅದ್ಯಾವ ದೊಡ್ಡಸ್ತಿಕೆ? ಕ್ಯಾರಿಯರ್ ಹಾಕ್ಕೊಂಡು ಬಾ, ಹತ್ತೀನಿ."

ಫೋನಿನಲ್ಲಿ ಉಷಾರಾಣಿ ಬೇಡವೆಂದಳು. ಇಂಥ ಹಳೆಯ ಸೈಕಲ್ಲಿಗೆ ಕ್ಯಾರಿಯರ್ ಹಾಕಿದರೆ ಅದರ ಅಂದವೇ ಹೋಗುತ್ತದೆ ಎಂದಳು. "ಹೋಗ್ಲಿ ಬುಡಮ್ಮ, ಅಂದ ಸೈಕಲ್ಲಿಂದಲ್ಲ, ಕೂತ್ಕೊಳೋಳ್ದು," ಎಂದು ಚಿನ್ನಸ್ವಾಮಿ ಹೊಸ ಕ್ಯಾರಿಯರು ಮಾಡಿದ. ಈ ಸಲ ವೆಲ್ಡ್ ಮಾಡಲಿಲ್ಲ. ನಾಲ್ಕು ಬೋಲ್ಟು. ಬೇಡವಾದರೆ ಯಾರು ಬೇಕಾದರೂ ಬಿಚ್ಚಬಹುದು.

ಪಾರ್ವತಮ್ಮ ಎರಡು ವಾರ ಕಣದಲ್ಲೇ ಸುತ್ತಿ ಸುತ್ತಿ ಗೇರಿನ ಕಡ್ಡಿ ತಳ್ಳುವುದನ್ನು ಕಲಿತಳು. ಅರವತ್ತಾರು ವರ್ಷದ ಅಜ್ಜಿ ಕಚ್ಚೆ ಕಟ್ಟಿ ಸೈಕಲ್ಲು ತುಳಿಯುವುದನ್ನು ನೋಡಲು ಪಕ್ಕದ ಮನೆಯ ನರಸಮ್ಮ ಮೊರ ಹಿಡಿದುಕೊಂಡೇ ಬಂದು ನಿಲ್ಲುತ್ತಿದ್ದಳು.

ಫೆಬ್ರವರಿ ಹನ್ನೊಂದು, ಭಾನುವಾರ, ಬೆಳಿಗ್ಗೆ ಹತ್ತೂವರೆ. ಕೆರೆ ಏರಿಯ ಕೊನೆಯಲ್ಲಿ ಸೈಕಲ್ಲು ನಿಂತಿತ್ತು. ಎರಡೂ ಕ್ಯಾನಿನಲ್ಲಿ ಹಾಲಿಗೆ ಬದಲು ನೀರು. ಚಿನ್ನಸ್ವಾಮಿ, ಗೋಪಿನಾಥ್, ದಿವ್ಯ, ನರಸಮ್ಮ ಅಷ್ಟೇ ಜನ.

"ಸಣ್ಣದಕ್ಕೆ ಹಾಕಕ್ಕಾ! ಮುಂದೆ ಸಣ್ಣದು, ಹಿಂದೆ ದೊಡ್ಡದು!"

"ಗೊತ್ತು, ಬಡ್ಕೋಬ್ಯಾಡ."

ಕಟಕ್ ಎಂದಿತು. ಪಾರ್ವತಮ್ಮನ ಕಾಲು ಗಿರಗಿರ ತಿರುಗತೊಡಗಿತು. ಸೈಕಲ್ಲು ಒಂದು ಗಳಿಗೆ ಓಲಾಡಿ, ನೆಟ್ಟಗಾಗಿ, ಏರತೊಡಗಿತು. ಚಿನ್ನಸ್ವಾಮಿ ಪಕ್ಕದಲ್ಲೇ ನಡೆದ. ಅವಳು ಹೋಗುತ್ತಿದ್ದದ್ದೂ ನಡಿಗೆಯ ವೇಗದಲ್ಲೇ. ದಿನ್ನೆಯ ಬುಡದ ಹುಣಸೆಮರ ದಾಟಿತು. ಮೋರಿ ದಾಟಿತು. ಯಾವಾಗಲೂ ಅವಳು ಸೈಕಲ್ಲಿಳಿದು ತಳ್ಳತೊಡಗುತ್ತಿದ್ದ ಮೈಲಿಗಲ್ಲು ದಾಟಿತು. ಮೇಲಿನ ತಿರುವಿನಲ್ಲಿ ಅವಳ ಉಸಿರು ಜೋರಾಯಿತು. ಚಿನ್ನಸ್ವಾಮಿಯದು ಅದಕ್ಕಿಂತ ಜೋರಾಗಿತ್ತು, ಅವನು ಅದನ್ನು ಗಮನಿಸಲಿಲ್ಲ. "ಇಳೀಬ್ಯಾಡಕ್ಕಾ, ಇಳೀಬ್ಯಾಡ, ಇನ್ನು ಸ್ವಲ್ಪ," ಎನ್ನುತ್ತಲೇ ಇದ್ದ.

ಅವಳು ಇಳಿಯಲಿಲ್ಲ. ಡೈರಿಯ ಮುಂದೆ ಹೋಗಿ, ಬ್ರೇಕ್ ಹಿಡಿದು, ಒಂದು ಕಾಲು ಊರಿ ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬಂದ ದಾರಿಯನ್ನು ತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಚಿನ್ನಸಾಮಿ, ಈ ಗೇರು ಮೊದ್ಲೇ ಇದ್ರಾಗಿತ್ತಲ್ವಾ?"

"ಇತ್ತಕ್ಕಾ."

"ಬ್ಯಾಡ ಅಂತ ಬಿಚ್ಚಿದ್ಯಲ್ಲ."

"ಬ್ಯಾಡ ಅಂತಲ್ಲ. ನಂಗೆ ಬತ್ತಿರಲಿಲ್ಲ ಅಕ್ಕಾ. ಹೇಳ್ಕೊಳೋಕೆ ನಾಚ್ಕೆ ಆಯ್ತು." ಅವನು ನೆಲ ನೋಡುತ್ತಿದ್ದ. "ನಿನ್ ಕೈಲಿ ಅಷ್ಟು ವರ್ಸ ತಳ್ಳಿಸ್ಬುಟ್ಟೆ."

ಆಗಷ್ಟೇ ಏದುಸಿರು ಬಿಡುತ್ತ ಮೇಲೆ ಬಂದ ನರಸಮ್ಮನ ಕಡೆ ಪಾರ್ವತಮ್ಮ ಕೈ ತೋರಿಸಿದಳು.

"ಇವ್ಳ ಗಂಡನ ಪುರಾಣ, ಅತ್ತೆ ಪುರಾಣ ಎಲ್ಲ ನಾನು ಕೇಳಿದ್ದು ಈ ದಿನ್ನೆ ಮ್ಯಾಲೇ ಕಣೋ. ಇವ್ಳು ತಲೆ ಮ್ಯಾಲೆ ಬಿಂದ್ಗೆ ಹೊತ್ಕಂಡು, ನಾನು ಸೈಕಲ್ ತಳ್ಕಂಡು. ಅತ್ತಿದ್ದು, ನಕ್ಕಿದ್ದು ಎಲ್ಲ ಇಲ್ಲೇ. ಮನೇಲಿ ಎಲ್ಲಿತ್ತು ಪುರ್ಸತ್ತು? ನಾನು ಕೂತ್ಕಂಡು ಹೋಗಿದ್ರೆ ಇವ್ಳ ಪಾಡು ಕೇಳೋರ್ಯಾರು?"

"ಅಂಗನ್ನಕ್ಕಾ!" ಎಂದಳು ನರಸಮ್ಮ.

"ಅಂಗಂತ ಬುಟ್ಬುಡ್ತೀನಿ ಅಂದ್ಕೋಬ್ಯಾಡ," ಎಂದು ಪಾರ್ವತಮ್ಮ ಮತ್ತೆ ಚಿನ್ನಸ್ವಾಮಿಯ ಕಡೆ ತಿರುಗಿದಳು. "ಮಂಡಿನೋವಿನ ಎಣ್ಣೆ ಇನ್ಮೇಲೆ ನಿಂದೇ. ಪಾಪಿ ನನ್ಮಗನೆ!" ಎಂದು ಅವನ ಬೆನ್ನಿಗೊಂದು ಗುದ್ದಿದಳು. ಅವನು ನಗತೊಡಗಿದ. ನಕ್ಕು ನಕ್ಕು ಡೈರಿಯ ಮೆಟ್ಟಿಲ ಮೇಲೆ ಕೂತ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಗೋಪಿನಾಥ್ ನೋಡಿದ.

"ಸುಮ್ನೆ ಕೂತ್ಯಲ್ಲ," ಎಂದಳು ಪಾರ್ವತಮ್ಮ. "ಹಿಂದಿನ ದೊಡ್ಡ ಚಕ್ರಕ್ಕೆ ಹಾಕಿದ್ರೆ ಒಳಗಡೆ ಟಿಕ್ ಟಿಕ್ ಅಂತದೆ. ಅದೇನು ನೋಡು."

ಚಿನ್ನಸ್ವಾಮಿ ಎದ್ದ. ಕ್ಯಾನುಗಳನ್ನು ಇಳಿಸಿ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದ. ಪೆಡಲ್ಲು ತಿರುಗಿಸಿ, ಕಿವಿ ಹತ್ತಿರ ತಂದು ಕೇಳಿದ. ಟಿಕ್ ಟಿಕ್. ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಗೇರಿನ ಬೆನ್ನಿನಲ್ಲಿದ್ದ ಪುಟ್ಟ ತಿರುಪನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿದ. ಮತ್ತೆ ಪೆಡಲ್ಲು ತಿರುಗಿಸಿದ. ಚಕ್ರ ಸದ್ದಿಲ್ಲದೆ ಓಡಿತು. ಅದು ತಾನಾಗಿ ನಿಲ್ಲುವವರೆಗೂ ಕೂತು ಕೇಳಿ, ಸೈಕಲ್ಲನ್ನು ನೆಟ್ಟಗೆ ಮಾಡಿ, ಹ್ಯಾಂಡಲ್ಲನ್ನು ಅವಳ ಕೈಗೆ ಕೊಟ್ಟ.